ಮೊಣಕಾಲಿನ ದುರ್ಬೀನು

ಸಾತಲಿಂಗಪ್ಪನವರ ಶೋಕಸಭೆಗೆ ಬಂದಿರುವ ಹಿರಿಯರಿಗೆ, ಅಕ್ಕಲಕೋಟೆಯ ಬಂಧುಗಳಿಗೆ, ಸೊಲ್ಲಾಪುರದಿಂದ ಬೆಳಗಿನ ಬಸ್ಸಿಗೆ ಬಂದ ಚಷ್ಮಾ ಅಂಗಡಿಯವರಿಗೆ ನನ್ನ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಸಾತಲಿಂಗಪ್ಪನವರ ಪತ್ನಿ ಸುಮಿತ್ರಾಬಾಯಿ ವೈನಿಯವರಿಗೆ, ಕಾಲು ಚಾಚಿ ಕುರ್ಚಿಯಲ್ಲಿ ಕೂತಿರುವ ಗುರುಬಾಯಿ ಅಕ್ಕನವರಿಗೆ — ಏನು ಹೇಳಿ ನಮಸ್ಕಾರ ಮಾಡಬೇಕೋ ತಿಳಿಯದು. ಕೈ ಮುಗಿದಿದ್ದೇನೆ, ಅಷ್ಟೇ.

ನಾನು ಧೂಳಪ್ಪ, ಕಂದಲಗಾಂವದವನು. ಮೊದಲು ಗಿರಣಿಯ ವರ್ಕ್‌ಶಾಪಿನಲ್ಲಿ ಲೇಥ್ ನಡೆಸುತ್ತಿದ್ದೆ. ಆಮೇಲೆ ಹನ್ನೊಂದು ವರ್ಷ ಸಾತಲಿಂಗಪ್ಪನವರ ಚಷ್ಮಾ ಅಂಗಡಿಯ ಹಿಂದಿನ ಖೋಲಿಯಲ್ಲಿ ಕೆಲಸ. ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ನಿಂತು ಮಾತಾಡಿ ರೂಢಿಯಿಲ್ಲದವನು ನಾನು. ಅದಕ್ಕೇ ಬರೆದುಕೊಂಡು ಬಂದಿದ್ದೇನೆ. ಮೊದಲರ್ಧವನ್ನು ಸಾಲಿ ಮಾಸ್ತರರು ತಿದ್ದಿಕೊಟ್ಟರು. ಉಳಿದರ್ಧವನ್ನು ಅವರಿಗೆ ತೋರಿಸಿಲ್ಲ.

ನನಗಿಂತ ಮೊದಲು ಮಾತಾಡಿದವರು ಸಾತಲಿಂಗಪ್ಪನವರು ಊರಿಗೆಲ್ಲ ಕಣ್ಣು ಕೊಟ್ಟರು ಎಂದರು. ನಿಜ. ಮಗ್ಗದವರು, ದರ್ಜಿಗಳು, ಪುರಾಣ ಓದುವ ಅಜ್ಜಂದಿರು — ಇಲ್ಲಿ ಕೂತವರಲ್ಲೇ ಎಷ್ಟೋ ಮಂದಿಯ ಮೂಗಿನ ಮೇಲೆ ಅವರು ತಿಕ್ಕಿದ ಗಾಜು ಇದೆ. ಆದರೆ ಅವರು ಸತ್ತದ್ದು ಚಷ್ಮಾದಿಂದಲ್ಲ. ಪಟದ ಮುಂದೆ ಇಟ್ಟಿದ್ದೇವಲ್ಲ, ಆ ಹಿತ್ತಾಳೆ ನಳಿಕೆ — ಅದರಿಂದ. ಬೆಳಿಗ್ಗೆ ಯಾರೋ ತಿಳಿಯದೆ ಅದಕ್ಕೆ ಊದುಬತ್ತಿ ಸಿಗಿಸಿದ್ದರು. ನಾನೇ ತೆಗೆದೆ.

ಅದೊಂದು ದುರ್ಬೀನು. ಮೊಣಕಾಲಿನ ಕೀಲಿನೊಳಗೆ ನೋಡುವ ದುರ್ಬೀನು.

ಏಳು ವರ್ಷದ ಹಿಂದೆ ಅಣ್ಣನ ತಂಗಿ ಗುರುಬಾಯಿ ಅಕ್ಕನ ಮೊಣಕಾಲು ಬಾತಿತ್ತು. ಕೀಲಿಗೆ ಕ್ಷಯ ಹತ್ತಿದೆಯೋ, ಬರೀ ಪೆಟ್ಟೋ, ಹೊರಗಿನಿಂದ ತಿಳಿಯುತ್ತಿರಲಿಲ್ಲ. ಸೊಲ್ಲಾಪುರದ ಒಂದು ದವಾಖಾನೆಯಲ್ಲಿ ಡಾಕ್ಟರ್ ಹಣಮಂತಪ್ಪನವರು ಕೊಯ್ದು ನೋಡಿದರು. ಕ್ಷಯ ಇರಲಿಲ್ಲ. ಎಲುಬಿನ ನಡುವಿನ ಗಾದಿಯ ಅಂಚು ಬೆರಳುಗುರಿನಷ್ಟು ಹರಿದಿತ್ತು. ಆದರೆ ಕೊಯ್ದ ಕೀಲು ಕೂಡಿಕೊಂಡು ಬಿಗಿದುಹೋಯಿತು. ಅಕ್ಕನ ಕಾಲು ಮತ್ತೆ ಮಡಚಲಿಲ್ಲ.

ಡಾಕ್ಟರು ಮುಚ್ಚಿಡುವ ಮನುಷ್ಯರಲ್ಲ. ಅಣ್ಣನನ್ನು ಕೂಡಿಸಿಕೊಂಡು ಹೇಳಿದರು: "ಸಾತಲಿಂಗಪ್ಪ, ನೋಡಾಕಂತ ತೆಗದೆ. ತೆಗದದ್ದ ತಪ್ಪಾತು. ಆದ್ರ ತೆಗೀಲಾರದ ನೋಡೂದು ಹ್ಯಾಂಗ?"

ಅಣ್ಣ ಕೇಳಿದರು: "ಒಳಗ ಏನೈತಿ ಅಂತ ನೋಡಾಕ ಗ್ವಾಡಿ ಯಾಕ ಕೆಡವಬೇಕ್ರಿ ಸಾಹೇಬ್ರ? ಒಂದು ಕಿಂಡಿ ಸಾಲದೇನ್ರಿ?"

ಈ ಮಾತಾಗಿ ಒಂದು ವರ್ಷಕ್ಕೆ ಅದೇ ಡಾಕ್ಟರು ಮೂತ್ರಕೋಶದೊಳಗೆ ನೋಡುವ ಒಂದು ವಿಲಾಯತಿ ನಳಿಕೆಯನ್ನು ರಿಪೇರಿಗೆ ತಂದುಕೊಟ್ಟರು. ಅಣ್ಣ ಅದನ್ನು ಬಿಚ್ಚಿ, ಒಂದೊಂದು ಗಾಜನ್ನೂ ಅಳೆದು ಚಿತ್ರ ಬರೆದುಕೊಂಡರು. ಮೊಣಕಾಲಿಗೆ ಅದು ದಪ್ಪ, ಅದರ ನೋಟವೂ ಬೇರೆ. ನಮ್ಮದನ್ನು ನಾವೇ ಮಾಡಬೇಕಾಯಿತು.

ಓದಿದವರು ಕ್ಷಮಿಸಬೇಕು, ನನಗೆ ತಿಳಿದಷ್ಟು ಹೇಳುತ್ತೇನೆ. ತುದಿಯ ಮಸೂರ ಒಳಗಿರುವುದರ ಒಂದು ಪುಟ್ಟ ಬಿಂಬ ಮಾಡುತ್ತದೆ. ಎರಡನೆಯದು ಅದನ್ನು ಎತ್ತಿ ಇಷ್ಟು ದೂರ ಒಯ್ಯುತ್ತದೆ — ಇಷ್ಟು — ಮೂರನೆಯದು ಇನ್ನಷ್ಟು. ಎಲ್ಲಿಯಾದರೂ ಬೆಂಕಿ ಬಿದ್ದಾಗ ಬಾವಿಯಿಂದ ಕೊಡವನ್ನು ಕೈಯಿಂದ ಕೈಗೆ ದಾಟಿಸುತ್ತೇವಲ್ಲ, ಹಾಗೆ. ಪ್ರತಿ ಕೈಯಲ್ಲೂ ಒಂದಿಷ್ಟು ನೀರು ಚೆಲ್ಲುತ್ತದೆ. ಗಾಜಿನ ಪ್ರತಿಯೊಂದು ಮೈಯಲ್ಲೂ ಒಂದಿಷ್ಟು ಬೆಳಕು ಹಿಂದಕ್ಕೆ ಚೆಲ್ಲುತ್ತದೆ. ನಮ್ಮ ನಳಿಕೆಯಲ್ಲಿ ಹನ್ನೆರಡು ಮಸೂರ, ಇಪ್ಪತ್ನಾಲ್ಕು ಮೈ. ಹೊರಟ ಬೆಳಕಿನ ಮೂರನೇ ಒಂದು ಪಾಲು ಕಣ್ಣಿಗೆ ಮುಟ್ಟಿದರೆ ಪುಣ್ಯ. ಅದೂ ಜೋಳದ ಕಾಳಿಗಿಂತ ಚಿಕ್ಕ ಬಲ್ಬಿನ ಬೆಳಕು.

ಅಷ್ಟು ಸಣ್ಣ ಮಸೂರಗಳನ್ನು ಅಣ್ಣ ಕೈಯಿಂದ ತಿಕ್ಕಿದರು. ನೂರು ತಿಕ್ಕಿದರೆ ತೊಂಬತ್ತು ಒಡೆಯುತ್ತಿದ್ದವು. ಕಾಲಿನಿಂದ ತುಳಿಯುವ ಸಾಣೆ, ಇಡೀ ದಿನ ಅದರ ಮುಂದೆ ಕೂತು ಅವರದೇ ಬಲಮೊಣಕಾಲು ಬಾತುಕೊಳ್ಳತೊಡಗಿತು.

ನೋಡಿ ಪರೀಕ್ಷೆ ಮಾಡಲು ಕೀಲು ಬೇಕಲ್ಲ. ಅಣ್ಣ ಮಟನ್ ಅಂಗಡಿಗೆ ಹೋಗಿ ಆಡಿನ ಮೊಣಕಾಲು ಕೇಳಿದರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಅಂಗಡಿಯವನು, "ಯಜಮಾನ್ರ, ಯಾರಿಗ್ರಿ ಇದು?" ಅಂದ. ಅಣ್ಣ ನಿಜವನ್ನೇ ಹೇಳಿದರು: "ನೋಡಾಕ." ಸಂಜೆಯೊಳಗೆ ಬೀಗರೆಲ್ಲ ಮನೆಗೆ ಬಂದಿದ್ದರು. ವೈನಿಯವರು ಬಾಗಿಲಲ್ಲೇ ನಿಂತು ಒಂದೇ ಮಾತು ಹೇಳಿದರು: "ಮನಿಯೊಳಗ ತರಬ್ಯಾಡ್ರಿ. ಅಂಗಡ್ಯಾಗ ಏನರೆ ಮಾಡಕೋರಿ." ಆವತ್ತಿನಿಂದ ಆ ಖರೀದಿ ನನ್ನ ಪಾಲಿಗೆ ಬಂತು.

ಕೀಲಿನೊಳಗೆ ಉಪ್ಪುನೀರು ತುಂಬಿದರೆ ಅದು ಉಬ್ಬಿ ನಳಿಕೆಗೆ ಜಾಗವಾಗುತ್ತದೆ. ಆದರೆ ಗಾಳಿಯಲ್ಲಿ ಚೊಕ್ಕಟವಾಗಿ ಕಂಡದ್ದು ನೀರಿನಲ್ಲಿ ಕಲಸಿಹೋಯಿತು. ನೀರು ತಾಗಿದರೆ ಮಸೂರದ ಬಲವೇ ಬದಲಾಗುತ್ತದೆ ಎಂದು ತಿಳಿಯಲು ನಮಗೆ ನಾಲ್ಕು ತಿಂಗಳು ಬೇಕಾಯಿತು. ಅಣ್ಣ ತುದಿಗೆ ಒಂದು ಚಪ್ಪಟೆ ಗಾಜು ಕೂಡಿಸಿ ನೀರನ್ನು ಹೊರಗೇ ತಡೆದರು. ಎರಡು ವರ್ಷದ ಹಿಂದೆ, ಒಂದು ಮಧ್ಯಾಹ್ನ, ನನ್ನನ್ನು ಕರೆದರು. "ಧೂಳಪ್ಪ, ಬಾ ಇಲ್ಲಿ. ನೋಡು. ಗಾದಿ ಕಾಣಾಕತ್ತೈತಿ." ನೋಡಿದೆ. ಹೊಗೆ ಹಿಡಿದ ಕಿಟಕಿಯಿಂದ ನೋಡಿದ ಹಾಗೆ, ಬೆಳ್ಳಗೆ ಒಂದು ಅಂಚು. ಅಷ್ಟೇ. ಆದರೆ ಕಂಡಿತು.

ಇಲ್ಲಿಯವರೆಗೆ ಮಾಸ್ತರರು ತಿದ್ದಿದ್ದು. ಇನ್ನು ಮುಂದಿನದು —

ಮನುಷ್ಯರ ಮೈಯೊಳಗೆ ಹೋಗುವ ವಸ್ತುವನ್ನು ಕ್ರಿಮಿ ಸಾಯುವಂತೆ ಕುದಿಸಬೇಕು. ನಮ್ಮ ನಳಿಕೆಯನ್ನು ಕುದಿಸಿದರೆ ಗಾಜಿಗೆ ಗಾಜನ್ನು ಅಂಟಿಸಿದ ರಾಳ ಮೆತ್ತಗಾಗಿ ಬೆಳ್ಳಗೆ ಹೂವು ಬಿಡುತ್ತಿತ್ತು. ಐದು ಸಲ ಕುದಿಸಿದೆವು, ಐದು ಸಲವೂ ಕೆಟ್ಟಿತು. ಕೊನೆಗೆ ಡಾಕ್ಟರು ಕುದಿಸುವುದರ ಬದಲಿಗೆ ಕ್ರಿಮಿ ಕೊಲ್ಲುವ ಫಾರ್ಮಲಿನ್ ಗುಳಿಗೆ ಹಾಕಿದ ತಗಡಿನ ಡಬ್ಬಿ ಕೊಟ್ಟು ಹೇಳಿದರು: "ಇದರಾಗ ಒಂದು ಹಗಲು ಒಂದು ರಾತ್ರಿ ಪೂರಾ ಇರಬೇಕು, ಧೂಳಪ್ಪ. ಒಂದು ತಾಸ ಕಡಿಮಿ ಆದ್ರೂ ನನಗ ಬ್ಯಾಡ."

ಮೊದಲ ಪರೀಕ್ಷೆ ಯಾರ ಮೇಲೆ ಎಂಬ ಮಾತು ಬಂದಾಗ ಅಣ್ಣ, "ಮೊದಲ ನಂದು. ಮಂದಿ ಕಾಲಿಗೆ ಯಾಕ?" ಎಂದರು. ಡಾಕ್ಟರು ಆರು ತಿಂಗಳು ಒಪ್ಪಲಿಲ್ಲ. ಅಣ್ಣನ ಬಾತ ಮೊಣಕಾಲಿನೊಳಗೆ ಏನಿದೆ ಎಂದು ಹೇಗೂ ನೋಡಲೇಬೇಕು ಎಂದಾದಾಗ, ಈ ಸಂಕ್ರಾಂತಿಯ ಮರುವಾರ, ಒಪ್ಪಿದರು. ಹನ್ನೊಂದು ಗಂಟೆಗೆ ಗೊತ್ತುಮಾಡಿದರು.

ಅವತ್ತು ಬೆಳಿಗ್ಗೆ ಎಂಟಕ್ಕೆ ದವಾಖಾನೆಯಲ್ಲಿ ಡಬ್ಬಿ ತೆಗೆದು ತಂತಿ ಜೋಡಿಸಿ ನೋಡಿದೆ. ಬಲ್ಬು ಹತ್ತಲಿಲ್ಲ. ಒಳಗೆ ತಂತಿ ಬಿಟ್ಟಿತ್ತು. ನಳಿಕೆಯನ್ನು ಈ ಕೈಯಿಂದ ಹೊರತೆಗೆದು, ಬಿಚ್ಚಿ, ಬೆಸುಗೆ ಹಾಕಿದೆ. ಕೈ ತೊಳೆದಿದ್ದೆ. ಕೈ ತೊಳೆದರೆ ಸಾಕೇನು? ಮತ್ತೆ ಡಬ್ಬಿಯಲ್ಲಿ ಇಟ್ಟಾಗ ಒಂಬತ್ತು ಗಂಟೆ. ಉಳಿದದ್ದು ಎರಡು ತಾಸು.

ಅಣ್ಣನಿಗೆ ಹೇಳಿದೆ. ಅವರು ಆಗಲೇ ದವಾಖಾನೆಯ ಅಂಗಿ ಹಾಕಿಕೊಂಡು ಕೂತಿದ್ದರು. ಕೇಳಿ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. "ಡಾಕ್ಟರ್‌ಗೆ ಹೇಳಬ್ಯಾಡ."

"ಅಣ್ಣಾ, ನಾಳಿಗಿ ಇಟಕೋಳೂಣ್ರಿ."

"ನಾಳಿಗಿ ಅಂದ್ರ ಅವರು ಇನ್ನೊಮ್ಮೆ ವಿಚಾರ ಮಾಡತಾರ. ವಿಚಾರ ಮಾಡಿದ್ರ ಒಪ್ಪೂದಿಲ್ಲ. ನನ್ನ ಕಾಲ ಐತಿ, ನಾ ನೋಡಕೋತೀನಿ. ನೀ ಸುಮ್ಮನಿರು."

ನಾನು ಡಾಕ್ಟರಿಗೆ ಹೇಳಲಿಲ್ಲ.

ಹನ್ನೊಂದಕ್ಕೆ ಸೊಂಟದಲ್ಲಿ ಸೂಜಿ ಕೊಟ್ಟು ಕಾಲು ಜೋಮು ಮಾಡಿದರು. ಅಣ್ಣನಿಗೆ ಎಚ್ಚರವಿತ್ತು. ಡಾಕ್ಟರು ನಳಿಕೆ ಒಳಗಿಟ್ಟು ಕಣ್ಣು ಹಚ್ಚಿದರು. ನಾನು ಬ್ಯಾಟರಿ ಹಿಡಿದು ನಿಂತಿದ್ದೆ. "ಕಾಣಸ್ತೈತಿ," ಅಂದರು ಡಾಕ್ಟರು. "ಗಾದಿ ಬೆಳ್ಳಗೈತಿ. ಅಂಚು ಒಂದು ಕಡೆ ಹರದೈತಿ, ನೀರಾಗ ತೇಲಾಕತ್ತೈತಿ." ಅಣ್ಣ, "ನನಗೂ ತೋರಸ್ರಿ," ಎಂದರು. ಇಬ್ಬರು ಅವರ ಬೆನ್ನಿಗೆ ಕೈಕೊಟ್ಟು ಎತ್ತಿ, ಬಗ್ಗಿಸಿದರು. ಅಷ್ಟರಲ್ಲಿ ತುದಿಯ ಗಾಜಿನ ಅಂಟು ಬಿಟ್ಟು ಒಳಗೆ ಆವಿ ಕಟ್ಟಿತ್ತು. ಅವರು ಬಹಳ ಹೊತ್ತು ಕಣ್ಣು ಹಚ್ಚಿಯೇ ಇದ್ದರು. ಆಮೇಲೆ, "ಏನೂ ಕಾಣೂದಿಲ್ಲ, ಧೂಳಪ್ಪ. ಮಂಜ ಐತಿ," ಎಂದರು.

ಆರು ವರ್ಷದ ಕೆಲಸ. ತನ್ನ ದುರ್ಬೀನಿನಿಂದ ಮನುಷ್ಯರ ಕೀಲನ್ನು ಅವರು ನೋಡಲೇ ಇಲ್ಲ.

ಮೂರನೇ ದಿನ ಜ್ವರ ಬಂತು. ಕೀಲಿನಲ್ಲಿ ಕೀವಾಯಿತು. ಹಾಸಿಗೆಯ ಹತ್ತಿರ ಕೂತು ಹೇಳಿದೆ: "ಅಣ್ಣಾ, ಇನ್ನರ ಹೇಳತೀನಿ." ಅವರು ತಲೆ ಅಲ್ಲಾಡಿಸಿದರು. "ಹೇಳಿದ್ರ ಇನ್ನ ಯಾರ ಕಾಲಿಗೂ ಅವರು ಇದನ್ನ ಮುಟ್ಟಸೂದಿಲ್ಲ. ಜ್ವರ ಇಳೀಲಿ, ತಡಿ." ಡಾಕ್ಟರ ಖೋಲಿಯ ಬಾಗಿಲತನಕ ಹೋದೆ. ಒಳಗೆ ಅವರು ತಲೆ ತಗ್ಗಿಸಿ ಪುಸ್ತಕ ತಿರುವುತ್ತಿದ್ದರು. ತಿರುಗಿ ಬಂದೆ. ಜ್ವರ ಇಳಿಯಲಿಲ್ಲ. ಪೆನಿಸಿಲಿನ್ ಕೊಟ್ಟರು, ಇಳಿಯಲಿಲ್ಲ. ಒಂಬತ್ತನೇ ದಿನ ತೊಡೆಯ ಹತ್ತಿರ ಕಾಲು ತೆಗೆದರು. ಆಮೇಲೆ ಅಣ್ಣ ಡಾಕ್ಟರನ್ನು ಒಂದೇ ಕೇಳುತ್ತಿದ್ದರು: "ಸಾಹೇಬ್ರ, ಒಳಗ ಏನ್ ಕಂಡ್ರಿ, ಇನ್ನೊಮ್ಮೆ ಹೇಳ್ರಿ." ಡಾಕ್ಟರು ಪ್ರತಿ ಸಲವೂ ಕುರ್ಚಿ ಎಳೆದುಕೊಂಡು ಕೂತು ಹೇಳುತ್ತಿದ್ದರು. ಬೆಳ್ಳಗಿನ ಗಾದಿ. ಹರಿದ ಅಂಚು. ನೀರಿನಲ್ಲಿ ತೇಲುವುದು. ಹನ್ನೆರಡನೇ ದಿನ ಅಣ್ಣ ಹೋದರು. ನಲವತ್ತೇಳು ವರ್ಷ.

ಮುಂದಿನದು ನಿಮಗೆಲ್ಲ ಗೊತ್ತಿದೆ. ತಂಗಿಯ ಕಾಲು ಕೆಡಿಸಿದ, ಅಣ್ಣನ ಜೀವ ತೆಗೆದ ಎಂದು ಊರು ಮಾತಾಡಿತು. ಡಾಕ್ಟರ ಮನೆಯ ಕಿಟಕಿಗೆ ಕಲ್ಲು ಬಿದ್ದವು. ಅವರನ್ನು ದವಾಖಾನೆಯ ಕೆಲಸದಿಂದ ತೆಗೆಯಬೇಕೆಂದು ಅರ್ಜಿ ಹೋಯಿತು. ಅವರು ಉತ್ತರದಲ್ಲಿ ತಪ್ಪು ತಮ್ಮದೇ ಎಂದು ಬರೆದುಕೊಟ್ಟರಂತೆ. ಡಬ್ಬಿಯ ಎರಡು ತಾಸಿನ ಮಾತು ಅವರಿಗೆ ಗೊತ್ತೇ ಇರಲಿಲ್ಲ. ಕೆಲಸದಿಂದ ತೆಗೆದ ಹುಕುಂ ಮೊನ್ನೆ ಬಂದಿದೆ.

ಆ ಅರ್ಜಿಯಲ್ಲಿ ಮೂರನೇ ಸಹಿ ನನ್ನದು.

— ಇರಲಿ, ಗದ್ದಲ ಬೇಡ. ಮುಗಿಸುತ್ತೇನೆ. ಯಾರೋ ಕಾಗದ ಹಿಡಿದು ಬಂದು, "ನಿಂದಂತೂ ಬೇಕ ಬೇಕು," ಎಂದರು. ಹಾಕಿದೆ. ಹಾಕದಿದ್ದರೆ ಯಾಕೆ ಎಂದು ಕೇಳುತ್ತಿದ್ದರು.

ನಿನ್ನೆ ವೈನಿಯವರಿಗೆ ಎಲ್ಲ ಹೇಳಿದೆ. ಅವರು ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ನನಗ ಹೇಳಿ ಏನ್ ಮಾಡ್ತಿ? ಮಂದ್ಯಾಗ ಹೇಳು," ಅಂದರು. ಗುರುಬಾಯಿ ಅಕ್ಕ ಗೋಡೆಗೆ ಒರಗಿ ಕೇಳಿಸಿಕೊಳ್ಳುತ್ತಿದ್ದರು. "ನಾ ಕೇಳಿದ್ದೆನೇನಪಾ ಅವಗ ಇದನ್ನೆಲ್ಲ?" ಅಂದರು. "ನನ್ನ ಕಾಲ ಹೋಗಿತ್ತು. ನನಗದು ರೂಢಿ ಆಗಿತ್ತು. ಅವಗ ಆಗಲಿಲ್ಲ."

ಈ ಕೆಲಸವನ್ನು ಮುಂದುವರಿಸಬೇಕೆಂದು ಅಧ್ಯಕ್ಷರು ಆಗ ಹೇಳಿದರು. ಮುಂದುವರಿಯುವುದಿಲ್ಲ. ನನಗೆ ಹಿತ್ತಾಳೆ ಕಡೆಯಲು ಬರುತ್ತದೆ, ಗಾಜಿನ ಲೆಕ್ಕ ಬರುವುದಿಲ್ಲ. ಅಣ್ಣ ಲೆಕ್ಕ ಬರೆದಿಟ್ಟ ವಹಿಗಳನ್ನು ಕಾಲೇಜಿನ ಒಬ್ಬ ಪ್ರೊಫೆಸರಿಗೆ ತೋರಿಸಿದೆ. ಎರಡು ಪುಟ ನೋಡಿ, ಇಂಥ ಗಾಜು ಇಲ್ಲಿ ಸಿಗುವುದಿಲ್ಲ ಎಂದು ಮರಳಿ ಕೊಟ್ಟರು. ಡಾಕ್ಟರು ಇನ್ನು ಅದನ್ನು ಮುಟ್ಟುವುದಿಲ್ಲ. ನಾಳೆ ಮೊಣಕಾಲು ಬಾತು ಬಂದವರನ್ನು ದವಾಖಾನೆಯವರು ಮೊದಲಿನ ಹಾಗೆಯೇ ಕೊಯ್ದು ನೋಡುತ್ತಾರೆ. ಅವರಲ್ಲಿ ಕೆಲವರ ಕಾಲು ಮಡಚುವುದಿಲ್ಲ. ನಾನು ಬಾಯಿ ಬಿಟ್ಟಿದ್ದರೆ, ಒಂದು ದಿನ ತಡೆದಿದ್ದರೆ — ಅಣ್ಣ ಬದುಕುತ್ತಿದ್ದರೋ ಇಲ್ಲವೋ, ಅದೂ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ.

ಇವತ್ತು ನಾನು ಹೇಳಿದ್ದರಿಂದ ಹುಕುಂ ತಿರುಗುವುದಿಲ್ಲ. ಕಚೇರಿಯಲ್ಲಿ ಕೇಳಿ ಬಂದಿದ್ದೇನೆ. ಸಹಿ ಹಾಕಿದ್ದು ಹಾಕಿದ್ದೇ, ಎಂದರು.

ಇನ್ನು ನಮ್ಮಿಂದ ಆಗುವುದು ಎರಡು ನಿಮಿಷ ಮಾತು ನಿಲ್ಲಿಸುವುದು, ಅಷ್ಟೇ. ಎಲ್ಲರೂ ದಯಮಾಡಿ ಏಳಬೇಕು. ಗುರುಬಾಯಿ ಅಕ್ಕ, ನೀವು ಕೂತಿರಿ. ಅಲ್ಲಿ ಹಿಂದೆ, ಬಾಗಿಲ ಪಕ್ಕದಲ್ಲಿ ಡಾಕ್ಟರ್ ಹಣಮಂತಪ್ಪನವರಿದ್ದಾರೆ. ಸಭೆ ಶುರುವಾದಾಗಿನಿಂದ ನಮ್ಮಲ್ಲಿ ಒಬ್ಬರೂ ಅವರಿಗೆ ಜಾಗ ಬಿಡಲಿಲ್ಲ. ಅವರು ಆಗಿನಿಂದ ನಿಂತೇ ಇದ್ದಾರೆ. ನಾವೂ ಏಳೋಣ.