ಕೈ ಅಡ್ಡ ಹಿಡಿದ ದೀಪ

ಆ ಚಳಿಗಾಲದಲ್ಲಿ ನನ್ನ ಚಿಕ್ಕಮ್ಮನ ಮಗ ಟೂರೆ ನಡೆದೇ ಮನೆಗೆ ಹೋಗುತ್ತಿದ್ದ. ಕಾಡಿಗೂ ಕೆಸರಿಗೂ ಹೆಪ್ಪುಗಟ್ಟಿದ ಸರೋವರಕ್ಕೂ ಅಂಜದ ಜೀಪೊಂದು ಅವನ ಅಂಗಳದಲ್ಲಿ ನಿಂತಿತ್ತು. ಅದರ ಒಡೆಯನೋ ತಲೆತಗ್ಗಿಸಿಕೊಂಡು ದಾರಿಯ ಅಂಚಿನಲ್ಲಿ ಕಾಲೆಳೆಯುತ್ತಿದ್ದ. ಕಾರಣ ಕೇಳಿದವರಿಗೆ ಅವನು ಉತ್ತರ ಕೊಡುತ್ತಿರಲಿಲ್ಲ.

ನಮ್ಮ ಉತ್ತರ ಸ್ವೀಡನ್ನಿನಲ್ಲಿ ಆ ತಿಂಗಳು ಇರುಳು ಸಂಜೆಯನ್ನು ಕಾಯುವುದಿಲ್ಲ. ಮಧ್ಯಾಹ್ನದ ತಟ್ಟೆ ತೊಳೆದಿಡುವಷ್ಟರಲ್ಲಿ ಕಿಟಕಿಯಾಚೆ ಕತ್ತಲೆ ನಿಂತಿರುತ್ತದೆ. ಅಂಥದೊಂದು ಕತ್ತಲಲ್ಲಿ, ಪಾಳುಬಿದ್ದ ಒಕ್ಕಲುಮನೆಯ ಏತದ ಬಾವಿಯ ಬಳಿ, ಅವನು ನನಗೆ ಎದುರಾದ. ಚಳಿಗೆ ಬಿರಿದ ಏತದ ಮರ ‘ಕಿರ್ರ್…’ ಎಂದಿತು. ಆಮೇಲೆ ಹೆಜ್ಜೆಯ ಸದ್ದು. ಗಟ್ಟಿ ಹಿಮದ ಮೇಲೆ… ಕರಕ್… ಕರಕ್…

ಟಾರ್ಚಿನ ಬೆಳಕೊಂದು ಬರುತ್ತಿತ್ತು. ನನ್ನನ್ನು ಕಂಡೊಡನೆ ಅದು ಮಂಕಾಯಿತು. ಹಿಡಿದವನು ಅದಕ್ಕೆ ಅಂಗೈಯನ್ನು ಅಡ್ಡ ಹಿಡಿದಿದ್ದ. ಮೂಗಿನ ಉಸಿರೇ ಹೆಪ್ಪುಗಟ್ಟುವ ಆ ಚಳಿಯಲ್ಲಿ ಅವನ ಕೈ ಬರಿಗೈ. ಕೋಟಿನ ಜೇಬಿನಿಂದ ಹೊಚ್ಚಹೊಸ ಉಣ್ಣೆಯ ಕೈಗವಸುಗಳು ಇಣುಕುತ್ತಿದ್ದವು.

“ಯಾರು?” ಎಂದು ಪಿಸುಗುಟ್ಟಿದ.

“ನಾನೇ ಕಣೋ ಟೂರೆ. ಕೈ ಯಾಕೆ ಅಡ್ಡ ಹಿಡಿದಿದ್ದೀಯ?”

“ನಿನ್ನ ಕಣ್ಣಿಗೆ ಹೊಡೆಯುತ್ತೆ ಅಂತ.”

“ಈ ಮಿಣುಕು ಟಾರ್ಚಾ? ಗವಸಾದ್ರೂ ಹಾಕ್ಕೊಳೋ, ಬೆರಳು ಉದುರಿ ಹೋದಾವು.”

“ಮೆಲ್ಲಗೆ ಮಾತಾಡು…” ಅವನು ಬಾವಿಯತ್ತ ನೋಡಿದ. “ಇಲ್ಲಿ ಬೇಡ. ಮನೆಗೆ ನಡಿ, ಹೇಳ್ತೀನಿ.”

ನನ್ನ ಅಡುಗೆಮನೆಯ ಸೌದೆ ಒಲೆಯ ಮುಂದೆ ಕುಳಿತು ಅವನು ಹೇಳಿದ್ದನ್ನು, ಕೂಡಿಸದೆ ಕಳೆಯದೆ, ಹೇಳುತ್ತೇನೆ.

ಟೂರೆಯ ಜೀಪು ಮುದಿಯಾದದ್ದು. ಅದರ ಹೆಡ್‌ಲೈಟುಗಳು ಪೊರೆ ಬಂದ ಕಣ್ಣುಗಳಂತೆ ಹಳದಿಯಾಗಿ ಮಿಣುಗುತ್ತಿದ್ದವು. ಕಾಡುದಾರಿಯಲ್ಲಿ ಕಡವೆಯಂಥ ಮೂಸ್ ಒಂದು ಅಡ್ಡ ಬಂದರೆ ಅದರ ಮೂತಿ ಗಾಜಿಗೆ ತಾಗಿದ ಮೇಲೆಯೇ ತಿಳಿಯಬೇಕು. ಹೊಸ ಗಾಡಿ ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಇದ್ದುದನ್ನೇ ಕಡಿಮೆ ಖರ್ಚಿನಲ್ಲಿ ಬೆಳಗಿಸೋಣವೆಂದು ಗುಜರಿಯ ಫೋಲ್ಕೆಯ ಬಳಿ ಹೋದ.

ಫೋಲ್ಕೆ ಬಾನೆಟ್ಟಿನೊಳಗೆ ತಲೆ ತೂರಿಸಿ ನಕ್ಕ. “ಬಲ್ಬಿಗಲ್ಲ ಕಣಯ್ಯಾ ಕಾಯಿಲೆ, ವಯರಿಗೆ. ಇಂಥ ಕೂದಲೆಳೆ ವಯರಲ್ಲಿ ಬ್ಯಾಟರಿ ಕಸುವೆಲ್ಲ ದಾರೀಲೇ ಸೋರ್ಹೋಗುತ್ತೆ. ದಪ್ಪ ವಯರು ಎಳಿ. ದೀಪದ ಒಳಗಿನ ಕನ್ನಡಿ ಒರೆಸು. ಅರ್ಧ ಕೆಲಸ ಬಿಟ್ಟಿಯಾಗೇ ಆಯ್ತು.”

ಹಾಗೆಯೇ ಮಾಡಿದರು. ಹಳೆಯ ದೀಪಗಳಿಗೆ ನಿಜವಾಗಿಯೂ ಕಣ್ಣು ಬಂತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಟೂರೆ ಅಂಚೆಯಲ್ಲಿ ಅಗ್ಗದ ಎಲ್‌ಇಡಿ ದೀಪಗಳ ಜೋಡಿಯೊಂದನ್ನು ತರಿಸಿದ್ದ. ಅವನ್ನು ಬಂಪರಿನ ಮೇಲೆ ಬೋಲ್ಟು ಹಾಕಿ ಬಿಗಿದರು.

“ನೋಡು, ಇವು ಬಿಸಿಯಾಗಲ್ಲ,” ಎಂದ ಫೋಲ್ಕೆ. “ಹಳೇ ಬಲ್ಬಾದ್ರೆ ಅದರ ಕಾವಿಗೇ ಹಿಮ ಕರಗೋದು. ಇದರ ಗಾಜಿನ ಮೇಲೆ ಕೂತದ್ದು ಕೂತೇ ಇರುತ್ತೆ. ನೀನೇ ಇಳಿದು ಒರೆಸ್ಬೇಕು.”

“ಒರೆಸ್ತೀನಿ. ನನ್ನ ಕೈಗೇನು ಲಕ್ವ ಹೊಡೆದಿದೆಯಾ?”

“ಆಮೇಲೆ ಈ ರಿಲೇ ಹಾಕು. ಎದುರಿಗೆ ಯಾರಾದ್ರೂ ಬಂದಾಗ ನೀನು ಡಿಮ್ ಮಾಡಿದ ಕೂಡಲೇ ಇವೂ ಆರ್ಬೇಕು. ತಗೋ, ನನ್ನ ಹತ್ರ ಹಳೇದು ಬಿದ್ದಿತ್ತು. ದುಡ್ಡೇನೂ ಬೇಡ.”

ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆ ಕಪ್ಪು ಡಬ್ಬಿಯನ್ನು ಟೂರೆ ಜೇಬಿಗೆ ಹಾಕಿಕೊಂಡ. ಒಳಗಿದ್ದ ಚಿಲ್ಲರೆಗೆ ಅದು ತಾಗಿ ‘ಟಿಣ್’ ಎಂದಿತು.

“ನಾಳೆ ಹಾಕ್ತೀನಿ ಬಿಡೋ. ಇವತ್ತಿಗೆ ಒಂದು ಸ್ವಿಚ್ಚು ಸಾಕು. ಸ್ಟೀರಿಂಗಿನ ಕೆಳಗೆ, ಮೊಣಕಾಲ ಹತ್ರ ಕೂರಿಸಿದೀನಿ.”

“ಎದುರಿಗೆ ಜನ ಬಂದಾಗ ಮೇವು ಹುಡುಕೋ ಹಸು ಥರ ತಲೆ ಬಗ್ಗಿಸ್ತೀಯೇನು?”

“ಬಂದೋರು ಕಣ್ಣು ಮುಚ್ಕೊಳ್ಳಲಿ!”

ಇಬ್ಬರೂ ನಕ್ಕರು. ಆ ಮಾತನ್ನು ನನಗೆ ಹೇಳುವಾಗ ಟೂರೆ ಮುಖವನ್ನು ಒಲೆಯ ಕಡೆಗೆ ತಿರುಗಿಸಿಕೊಂಡ.

ಕತ್ತಲಾಗುತ್ತಿದ್ದಂತೆ ಅವನು ಸರೋವರದ ದಾರಿಯಲ್ಲಿ ಜೀಪು ಬಿಟ್ಟ. ಮೊಣಕಾಲ ಬಳಿಯ ಸ್ವಿಚ್ಚನ್ನು ಒತ್ತಿದ. ಟಕ್… ಇರುಳು ಹರಿದು ಹೋಯಿತು. ಹಿಮ ಗುಡಿಸುವ ಗಾಡಿಗೆ ದಾರಿಯ ಅಂಚು ತಿಳಿಯಲೆಂದು ನಮ್ಮಲ್ಲಿ ಉದ್ದಕ್ಕೂ ಕೋಲುಗಳನ್ನು ನೆಡುತ್ತಾರೆ. ಅವುಗಳ ತುದಿಯಲ್ಲಿ ಬೆಳಕು ಬಿದ್ದರೆ ಮಿನುಗುವ ಪಟ್ಟಿಯಿರುತ್ತದೆ. ಅವೆಲ್ಲ ಒಮ್ಮೆಗೇ ಹೊತ್ತಿಕೊಂಡವು. ದಾರಿಗೆ ವಜ್ರದ ಸರ ತೊಡಿಸಿದಂತಿತ್ತು. ಟೂರೆ ಒಬ್ಬನೇ ಕೂಗಿ ನಕ್ಕ. ಆ ಸಾಲಿನಲ್ಲಿ ಒಂದು ಮಿನುಗು ಮಾತ್ರ ಅತ್ತಿತ್ತ ಓಲಾಡುತ್ತಿತ್ತು. ಹಿಮದ ಗಾಡಿ ತಾಗಿ ಸಡಿಲವಾದ ಕೋಲಿರಬೇಕೆಂದುಕೊಂಡ. ವೇಗ ತಗ್ಗಿಸಲಿಲ್ಲ. ದಾಟಿ ಹೋದ.

ಪೆಟ್ರೋಲ್ ಬಂಕಿನಲ್ಲಿ ಬಿಸಿ ಸಾಸೇಜು ತಿಂದ. ಗಲ್ಲಾದ ಹುಡುಗಿಯ ಮುಂದೆ ಜಂಬ ಕೊಚ್ಚಿದ.

“ಆಚೆ ದಡದ ಮೊಲದ ಮೀಸೆ ಎಣಿಸ್ಬಹುದು, ಗೊತ್ತಾ? ಬೆಳಕಂದ್ರೆ ಅದು!”

ಅವಳು ‘ಶ್ಶುಪ್’ ಎಂದಳು. ಹೌದೆನ್ನಲು ನಮ್ಮ ಸೀಮೆಯವರು ಬಾಯಿ ಬಿಡುವುದಿಲ್ಲ. ತುಟಿ ಕಿರಿದಾಗಿಸಿ ಉಸಿರನ್ನು ಒಳಕ್ಕೆ ಸೆಳೆಯುತ್ತಾರೆ. ಒಪ್ಪಿಗೆಗೂ ಅದೇ, ಸಾಂತ್ವನಕ್ಕೂ ಅದೇ.

ಸುಖವಾಗಿ ಕೂತು ಅವನು ಎರಡನೆಯ ಕಾಫಿಯನ್ನೂ ಕುಡಿದ.

ಹಿಂದಿರುಗುವಾಗ ಹಿಮ ಬೀಳತೊಡಗಿತ್ತು. ಹೊಸ ದೀಪಗಳ ಬೆಳಕು ಬೀಳುವ ಹಿಮಕ್ಕೆ ಬಡಿದು ಮುಖಕ್ಕೇ ಮರಳುತ್ತಿತ್ತು. ಮುಂದೆ ಬಿಳಿಯ ಗೋಡೆ. ಅದರಾಚೆ ಏನೂ ಇಲ್ಲ. ಆರಿಸಿದರೆ ಒಳ್ಳೆಯದೆಂದು ಅವನಿಗೆ ಗೊತ್ತಿತ್ತು. ಆದರೆ ಆ ದಿನವಷ್ಟೇ ಹಾಕಿಸಿದ ದೀಪ… ಆರಿಸಲು ಮನಸ್ಸು ಬರಲಿಲ್ಲ.

ಆಗ ಆ ಬಿಳಿಯ ಗೋಡೆಯೊಳಗೆ ಒಂದು ಹಳದಿ ಚುಕ್ಕೆ ಕಂಡಿತು.

ಕೆಳಮಟ್ಟದಲ್ಲಿ, ತೂಗಾಡುತ್ತ ಬರುತ್ತಿತ್ತು. ಕಂದೀಲು. ಅದರ ಹಿಡಿಯ ಸದ್ದು, ಎಂಜಿನ್ನಿನ ಗದ್ದಲದ ನಡುವೆಯೂ, ಕಿವಿಯ ಪಕ್ಕದಲ್ಲೇ ಕೇಳಿಸಿತು. ಕಿಣ್… ಕಿಣ್… ಹತ್ತಿರವಾದಂತೆ ಆ ಬೆಳಕು ಮಂಕಾಯಿತು. ಹಿಡಿದವರು ಅದಕ್ಕೆ ಅಂಗೈ ಅಡ್ಡ ಹಿಡಿದರು.

ಎದುರಾದವರಿಗೆ ದೀಪ ತಗ್ಗಿಸುವುದು ನಮ್ಮಲ್ಲಿ ನಮಸ್ಕಾರಕ್ಕೆ ಸಮ. ತಗ್ಗಿಸದವನನ್ನು ಊರು ಬಹುಕಾಲ ನೆನಪಿಟ್ಟುಕೊಳ್ಳುತ್ತದೆ. ಟೂರೆಯ ಕೈ ಮೊಣಕಾಲಿನತ್ತ ಇಳಿಯಿತು. ದಪ್ಪ ಗವಸಿಗೆ ಸ್ವಿಚ್ಚು ಸಿಗಲಿಲ್ಲ. ಹೋಗಲಿ ಎಂದು ಬಿಟ್ಟ.

ಗಾಡಿ ದಾಟಿತು. ಕನ್ನಡಿಯಲ್ಲಿ ನೋಡಿದ. ಹಿಂದೆ ಬೆಳಕಿರಲಿಲ್ಲ.

ತುಸು ಮುಂದೆ ಮತ್ತೆ ಕಿಣ್… ಕಿಣ್…

ಅದೇ ಕಂದೀಲು, ಮತ್ತೆ ಎದುರಿನಿಂದಲೇ ಬರುತ್ತಿತ್ತು. ಈ ಸಲ ಕೈ ಸ್ಪಷ್ಟವಾಗಿ ಕಂಡಿತು. ಚಿಕ್ಕ ಕೈ. ನಾಲ್ಕು ಬೆರಳು ಒತ್ತಾಗಿ, ಹೆಬ್ಬೆರಳು ಅಗಲವಾಗಿ. ಬೆರಳ ಸಂದಿಯಲ್ಲಿ ಬೆಳಕು ಕೆಂಪಾಗಿ ಸೋರುತ್ತಿತ್ತು. ಮುಖ ಮಾತ್ರ ಕಾಣಲಿಲ್ಲ. ತನ್ನ ಕಣ್ಣನ್ನು ಕಾಯಲು ಎತ್ತಿದ ಕೈ ಅದಾಗಿರಲಿಲ್ಲ… ಇವನ ಕಣ್ಣನ್ನು ಕಾಯಲು ಹಿಡಿದದ್ದು.

ಅದನ್ನೂ ದಾಟಿದ.

ಬಾವಿಯ ತಿರುವಿನಲ್ಲಿ ಕಂದೀಲು ನಡುದಾರಿಯಲ್ಲೇ ನಿಂತಿತ್ತು.

ಟೂರೆ ಬ್ರೇಕ್ ಒತ್ತಿದ. ಗಾಡಿ ಜಾರುತ್ತ ಹೋಗಿ ನಿಂತಿತು. ಕಂದೀಲು ಕದಲಲಿಲ್ಲ. ಅಡ್ಡ ಹಿಡಿದ ಕೈಯೂ ಇಳಿಯಲಿಲ್ಲ. ಇಷ್ಟೊಂದು ಬೆಳಕನ್ನು ಮುಖಕ್ಕೆ ಚೆಲ್ಲಿಸಿಕೊಂಡೂ, ಆ ಒಬ್ಬರು ತಮ್ಮ ಹಣತೆಯಷ್ಟು ಬೆಳಕಿನಿಂದ ಇವನಿಗೆ ನೋವಾದೀತೆಂದು ಕಾಯುತ್ತಿದ್ದರು. “ಹೆದರಿಕೆ ಆಮೇಲೆ ಬಂತು,” ಎಂದ ಟೂರೆ ನನಗೆ. “ಮೊದಲು ಬಂದದ್ದು ನಾಚಿಕೆ.”

ಅವನು ಗವಸು ಕಿತ್ತೆಸೆದು, ತಲೆ ಬಗ್ಗಿಸಿ, ಸ್ವಿಚ್ಚು ಹುಡುಕಿ ಒತ್ತಿದ. ಟಕ್. ಹೆಡ್‌ಲೈಟನ್ನೂ ಡಿಮ್ ಮಾಡಿದ.

ಕಿಟಕಿಯ ಪಕ್ಕದಲ್ಲಿ, ಗಾಜಿಗೆ ತುಟಿ ತಾಗುವಷ್ಟು ಹತ್ತಿರದಲ್ಲಿ, ಯಾರೋ ಉಸಿರನ್ನು ಒಳಕ್ಕೆ ಸೆಳೆದರು.

ಶ್ಶುಪ್…

ಕಂದೀಲು ಇರಲಿಲ್ಲ. ಬಿಳಿಯ ಗೋಡೆಯೂ ಕುಸಿದಿತ್ತು. ಹಳೆಯ ದೀಪಗಳ ತಗ್ಗಿದ ಬೆಳಕಿನಲ್ಲಿ ದಾರಿ ಕಂಡಿತು, ಬಾವಿ ಕಂಡಿತು, ಬಾವಿಯ ಮುಂದಿನ ಚರಂಡಿ ಕಂಡಿತು. ಅಲ್ಲಿ ಕಾಲಲ್ಲಿ ಒದ್ದು ನೂಕುವ ಜಾರುಬಂಡಿಯೊಂದು ತಲೆಕೆಳಗಾಗಿ ಬಿದ್ದಿತ್ತು. ಅದರ ಪಕ್ಕದಲ್ಲಿ ಒಂದು ಮಿನುಗುಪಟ್ಟಿ ತೀರ ಮೆಲ್ಲಗೆ ಅಲುಗುತ್ತಿತ್ತು.

ಅದು ಕೋಲಿನದಲ್ಲ. ಇರುಳಲ್ಲಿ ನಡೆಯುವವರು ತೊಡುವ ಕೋಟಿನದು.

ಟೂರೆ ಓಡಿದ. ಹಿಮದಲ್ಲಿ ಅರ್ಧ ಹೂತು ಮಲಗಿದ್ದವಳು ಪಕ್ಕದ ಮನೆಯ ಹುಲ್ಡಜ್ಜಿ.

“ಯಾರದು…?”

“ನಾನಜ್ಜಿ, ಟೂರೆ.”

“ನೀನಾ ಮಗಾ… ಬದುಕಿದೆ.” ಅವಳ ಹಲ್ಲುಗಳು ಕಟಕಟನೆ ಬಡಿಯುತ್ತಿದ್ದವು. “ಯಾವನೋ ಮುಠ್ಠಾಳ ಸೂರ್ಯನ್ನ ಹೊತ್ಕೊಂಡು ಬಂದ ಕಣೋ. ಕಣ್ಣಿಗೆ ಕತ್ತಲೆ ಬಂತು, ಇಲ್ಲಿ ಬಿದ್ದೆ. ಕೂಗಿದೆ… ನಿಲ್ಲಿಸ್ಲೇ ಇಲ್ಲ.”

ಟೂರೆ ಅವಳ ಮೈಮೇಲಿನ ಹಿಮವನ್ನು ಕೈಯಿಂದ ಸರಿಸಿದ.

ಅವಳು ಜೀಪಿನ ಮಂಕು ದೀಪಗಳನ್ನು ನೋಡಿ ನಗಲೆತ್ನಿಸಿದಳು. “ನೀನಂತೂ ಅಲ್ಲ ಬಿಡು. ನಿನ್ನ ಗಾಡೀಲಿ ಬೆಂಕಿಕಡ್ಡಿಯಷ್ಟೂ ಬೆಳಕಿಲ್ಲ.”

ಅವನು ಅವಳನ್ನು ಎತ್ತಿಕೊಂಡ. ಸೀಟಿನಲ್ಲಿ ಕೂರಿಸಿ, ತನ್ನ ಕೋಟು ಹೊದಿಸುವಾಗ ಅವಳು ಹೊರಗೆ ಇಣುಕಿದಳು.

“ನಿನ್ನ ಜೊತೆ ಬಂದೋರು ಎಲ್ಲಿ?”

“ಯಾರಜ್ಜಿ?”

“ಕಂದೀಲು ಹಿಡ್ಕೊಂಡು ಇಷ್ಟು ಹೊತ್ತೂ ನನ್ನ ಪಕ್ಕ ಕೂತಿದ್ರಲ್ಲ… ನನ್ನ ಕಣ್ಣಿಗೆ ನೋವಾಗ್ಬಾರ್ದು ಅಂತ ಕೈ ಅಡ್ಡ ಹಿಡಿದಿದ್ರು, ಪಾಪ. ಅವರಿಗೂ ಚಳಿಯಾಗುತ್ತೆ. ಕರ್ಕೊ ಅವರನ್ನ.”

ಟೂರೆ ಬಾಗಿಲು ಹಾಕಿದ. ಹಿಂದೆ ತಿರುಗಿ ನೋಡದೆ ಆಸ್ಪತ್ರೆಗೆ ಓಡಿಸಿದ.

ಹುಲ್ಡಜ್ಜಿ ಉಳಿದಳು. ಆದರೆ ಎಡಗಾಲಿನ ಬೆರಳುಗಳನ್ನು ಚಳಿ ತಿಂದಿತ್ತು. ಜಾರುಬಂಡಿ ಒದ್ದು ಊರೆಲ್ಲ ಸುತ್ತುತ್ತಿದ್ದವಳು ಊರುಗೋಲು ಹಿಡಿದು ಮನೆಗೆ ಬಂದಳು. ಊರಿಗೆ ಊರೇ ಟೂರೆಯನ್ನು ಹೊಗಳಿತು. ಅಂಗಡಿಯಲ್ಲಿ ಬೆನ್ನು ತಟ್ಟಿದರು. ಯಾರೋ ಕೇಕು ಕಳಿಸಿದರು. ಹುಲ್ಡಜ್ಜಿ ಹಾಸಿಗೆಯಲ್ಲೇ ಕೂತು ಅವನಿಗೆ ಉಣ್ಣೆಯ ಕೈಗವಸು ಹೆಣೆದು ಕೊಟ್ಟಳು. ಅಂದಿನಿಂದ ಅವನು ಜೀಪು ಮುಟ್ಟಲಿಲ್ಲ. ಗವಸನ್ನೂ ತೊಡಲಿಲ್ಲ.

ಇಷ್ಟು ಹೇಳಿ ಟೂರೆ ಒಲೆಗೆ ಇನ್ನೊಂದು ಸೌದೆ ತುರುಕಿದ. “ಹೇಳಿಬಿಡು, ಹೋಗು,” ಎಂದೆ. “ನೀನೂ ಬಾ,” ಎಂದ. ಮರುದಿನ ಇಬ್ಬರೂ ಹೋದೆವು. ಇಲ್ಲಿಂದ ಮುಂದಿನದು ನಾನೇ ಕಂಡದ್ದು.

ಹುಲ್ಡಜ್ಜಿಯ ಅಡುಗೆಮನೆಯಲ್ಲಿ ಗಡಿಯಾರ ಟಿಕ್… ಟಿಕ್… ಎನ್ನುತ್ತಿತ್ತು. ಅವಳು ದಾಲ್ಚಿನ್ನಿ ಬನ್ನಿನ ತಟ್ಟೆಯನ್ನು ಟೂರೆಯ ಮುಂದಕ್ಕೆ ಸರಿಸಿದಳು. “ತಿನ್ನೋ, ನನ್ನ ಪ್ರಾಣದೇವರೇ.”

“ಅಜ್ಜಿ… ಆ ಮುಠ್ಠಾಳ ನಾನೇ.”

ಅವನು ಗವಸುಗಳನ್ನು ಮೇಜಿನ ಮೇಲಿಟ್ಟ. ಅದರ ಮೇಲೆ ಆ ಕಪ್ಪು ಡಬ್ಬಿಯನ್ನಿಟ್ಟ.

ಹುಲ್ಡಜ್ಜಿ ಡಬ್ಬಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದಳು.

“ಇದೇನು?”

“ರಿಲೇ. ಇದು ಹಾಕಿದ್ರೆ ದೀಪ ತಕ್ಷಣ ಆರ್ತಿತ್ತು.”

“ತುಂಬ ದುಡ್ಡೋ?”

“ಫೋಲ್ಕೆ ಸುಮ್ನೆ ಕೊಟ್ಟ.”

“ಹಾಕೋದು ಕಷ್ಟವೋ?”

“ಇಲ್ಲ ಅಜ್ಜಿ. ಒಂದು ಕಾಫಿ ಕುಡಿಯೋಷ್ಟು ಹೊತ್ತು.”

“ಮತ್ಯಾಕೆ ಹಾಕ್ಲಿಲ್ಲ?”

ಬೈದಿದ್ದರೆ ಟೂರೆ ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಬನ್ನಿನ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಗವಸುಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಕ್ಷಮಿಸ್ತೀಯಾ ಅಜ್ಜಿ?” ಅವನ ದನಿ ನೆಲಕ್ಕಿಳಿದಿತ್ತು.

ಅವಳು ಸಕ್ಕರೆಯ ತುಂಡನ್ನು ಹಲ್ಲಲ್ಲಿ ಕಚ್ಚಿ, ಬಸಿಯನ್ನು ತುಟಿಗಿಟ್ಟು ಕಾಫಿ ಹೀರುತ್ತಿದ್ದಳು. ಆಗ…

ಶ್ಶುಪ್.

ಕಿಟಕಿಯಿಂದ ಬಂತು. ಕಿಟಕಿಯಾಚೆ ಆಳುದ್ದದ ಹಿಮ. ಹೆಜ್ಜೆಯ ಗುರುತಿರಲಿಲ್ಲ.

ಹುಲ್ಡಜ್ಜಿ ಬಸಿಯನ್ನು ಕೆಳಗಿಟ್ಟಳು.

“ಅದು ನಾನಲ್ಲ,” ಎಂದು ಪಿಸುಗುಟ್ಟಿದಳು. “ನಾನಿನ್ನೂ ಹೂಂ ಅಂದಿಲ್ಲ.” ಆಮೇಲೆ ಡಬ್ಬಿಯನ್ನು ಟೂರೆಯತ್ತ ನೂಕಿದಳು. “ಹೋಗು. ಮೊದಲು ಇದನ್ನ ಹಾಕು.”

ಅಂದೇ ಹಾಕಿದ. ನಾನು ಟಾರ್ಚು ಹಿಡಿದಿದ್ದೆ. ಈಗ ಅವನು ಹುಲ್ಡಜ್ಜಿಯನ್ನು ಅಂಗಡಿಗೂ ಚರ್ಚಿಗೂ ಅದೇ ಜೀಪಿನಲ್ಲಿ ಕರೆದೊಯ್ಯುತ್ತಾನೆ. ಅವಳು ಮುಂದಿನ ಸೀಟಿನಲ್ಲಿ ಕೂತು, ಎದುರಿಗೆ ದೂರದಲ್ಲಿ ಬೆಳಕು ಕಂಡೊಡನೆ, “ಹೂಂ, ಆರ್ಸು,” ಎನ್ನುತ್ತಾಳೆ. ಅವನು ಕೇಳಿದ್ದಕ್ಕೆ ಉತ್ತರವನ್ನು ಅವಳು ಈವರೆಗೆ ಕೊಟ್ಟಿಲ್ಲ.

ಇನ್ನೊಂದು ಮಾತು. ನಂಬುವುದು ಬಿಡುವುದು ನಿಮಗೆ ಸೇರಿದ್ದು, ನಡೆದದ್ದಂತೂ ನಡೆದದ್ದೇ. ಹಿಮ ಬಿದ್ದ ಇರುಳು ಆ ಜೀಪಿನ ಹೊಸ ದೀಪಗಳೆರಡೂ ಬೆಳಗಾಗುವಷ್ಟರಲ್ಲಿ ಬೆಳ್ಳಗೆ ಮುಚ್ಚಿಹೋಗಿರುತ್ತವೆ. ಎಡಗಡೆಯ ದೀಪದಲ್ಲಿ ಮಾತ್ರ ಒಂದಿಷ್ಟು ಜಾಗಕ್ಕೆ ಹಿಮ ಹಿಡಿಯುವುದಿಲ್ಲ. ನಾಲ್ಕು ಬೆರಳು ಒತ್ತಾಗಿ, ಹೆಬ್ಬೆರಳು ಅಗಲವಾಗಿ… ಚಿಕ್ಕದೊಂದು ಕೈ. ಇಂಥದನ್ನೆಲ್ಲ ನಂಬದ ಫೋಲ್ಕೆ ನಕ್ಕು, ಗಾಜು ಬದಲಿಸಿದ. ಮುಂದಿನ ಹಿಮಕ್ಕೆ ಮತ್ತೆ ಅದೇ ಕೈ ಮೂಡಿತು. ಈಗ ಅವನು ಆ ದೀಪವನ್ನು ಮುಟ್ಟುವುದಿಲ್ಲ.

ಹೋದ ವಾರ ನಾನೇ ಹೋಗಿ ನೋಡಿದೆ. ಎಂಜಿನ್ನು ಹಿಂದಿನ ದಿನದಿಂದ ಆರಿತ್ತು. ಗವಸು ಕಳಚಿ, ಆ ಕೈಯ ಮೇಲೆ ನನ್ನ ಕೈ ಇಟ್ಟೆ.

ಬೆಚ್ಚಗಿತ್ತು.