ನನ್ ಮಗನೇ ಓಡಿಸ್ತಿದ್ದ

ಇಲ್ರೀ ಗುರುಬಸಣ್ಣ, ಇಲ್ಲ! ನನ್ ಮಗನೇ ಓಡಿಸ್ತಿದ್ದ. ಎಷ್ಟ್ ಸಲ ಅಂತ ಹೇಳ್ಲಿ? ಪೊಲೀಸ್ನೋರಿಗೂ ಅದೇ ಹೇಳೀನಿ. ವಿಚಾರಣೆಗೆ ಅಂತ ಇನ್ಶೂರೆನ್ಸ್ ಕಂಪನಿಯಿಂದ ಬಂದಿದ್ನಲ್ಲ, ಕನ್ನಡಕದೋನು, ಅವನಿಗೂ ಅದೇ ಹೇಳೀನಿ. ಕಾರಿನ ಪಾಲಿಸಿ ಮಾಡಿಸ್ಕೊಟ್ಟೋರು, ಈಗ ನೀವೂ ಬಂದು ಅದನ್ನೇ ಕೇಳಿದ್ರೆ ಹೆಂಗೆ? ಕುತ್ಕೊಳ್ರಿ... ಮೊದ್ಲು ಕುತ್ಕೊಳ್ರಿ.

ಇಲ್ಲ, ಸೊಸೆ ಮನೇಲಿಲ್ಲ. ಹೊನ್ನಾಳಿಗೆ ಹೋಗ್ಯಾಳೆ, ಕಾಲಿಗೆ ವ್ಯಾಯಾಮ ಮಾಡಿಸ್ತಾರಲ್ಲ ಅಲ್ಲಿಗೆ. ನಮ್ಮೆಜಮಾನ್ರು ಕರ್ಕೊಂಡು ಹೋಗ್ಯಾರೆ. ಅದಕ್ಕೇ ನಾನು ಹಿಂಗೆ ಬಾಯ್ಬಿಟ್ಟು ಮಾತಾಡ್ತಿರಾದು. ಮೇಘಶ್ರೀ ಇದ್ದಿದ್ರೆ ಈ ಮಾತು ಎತ್ತಾಕೆ ನಾನು ಬಿಡ್ತಿರ್ಲಿಲ್ಲ ನಿಮ್ಮನ್ನ. ಬೇಜಾರ್ ಮಾಡ್ಕೊಬ್ಯಾಡ್ರಿ.

ಹ್ಞೂಂ, ಗೊತ್ತು ಕಣ್ರೀ. ಕ್ಲೇಮ್ ಆಗಲ್ಲ ಅಂದಾರೆ. ಅರುಣನ ಲೈಸೆನ್ಸ್ ಮುಗಿದಿತ್ತು, ಅವ್ನು ಮತ್ತೆ ಮಾಡಿಸಿರ್ಲಿಲ್ಲ. ಲೈಸೆನ್ಸ್ ಇಲ್ದೋನು ಓಡಿಸಿದ್ರೆ ಕಾರಿಗೂ ಇಲ್ಲ, ಒಳಗೆ ಕುಂತೋರಿಗೂ ಇಲ್ಲ... ನೀವು ಬಿಡಿಸಿ ಬಿಡಿಸಿ ಹೇಳ್ಬೇಕಾಗಿಲ್ಲ. ಹಿಟ್ಟಿನ ಗಿರಣಿ ನಡ್ಸೋಳು ನಾನು, ಅಷ್ಟು ಅರ್ಥ ಆಗಲ್ವಾ?

ಏನಂದ್ರಿ? ಮೇಘನ ಹತ್ರ ಲೈಸೆನ್ಸ್ ಐತೆ, ಹೌದು. ಅರುಣನೇ ಕಲ್ಸಿದ್ದು. ಆದ್ರೆ ಅವ್ಳು ಓಡಿಸ್ತಿದ್ಲು ಅಂತ ಹೆಂಗ್ ಹೇಳ್ಲಿ? ಹೇಳಿದ್ರೆ ಮತ್ತೆ ಫೈಲ್ ತೆಗೀತಾರೆ, ಕ್ಲೇಮ್ ಪಾಸಾಗ್ತೈತೆ, ಅವ್ಳ ಕಾಲಿನ ಎರಡನೇ ಆಪರೇಷನ್ ಆಗ್ತೈತೆ... ಇವೆಲ್ಲಾ ನಾನು ಯೋಚ್ನೆ ಮಾಡಿಲ್ಲ ಅಂದ್ಕೊಂಡ್ರಾ? ಅವ್ಳು ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗಾದು ದಿನಾ ನೋಡ್ತೀನ್ರೀ ನಾನು! ಆದ್ರೆ ಸುಳ್ಳು ಹೇಳಾಕೆ ಆಗ್ತೈತಾ?

ಯಾಕೆ ತಲೆ ಅಲ್ಲಾಡಿಸ್ತೀರಿ? ನಂಬಾಕೆ ಆಗ್ತಿಲ್ವಾ? ಯಾವ್ ತಾಯಿ ತನ್ ಮಗನ ಮೇಲೆ ಇಲ್ದಿದ್ದು ಹೇಳ್ತಾಳೆ, ನೀವೇ ಹೇಳ್ರಿ.

ಊರಾಗೆ ಏನಂತಾರೆ ಗೊತ್ತಾ? ಮೊನ್ನೆ ಅಜ್ಜಮ್ಮ ಜೋಳ ಬೀಸ್ಸಾಕೆ ಬಂದಿದ್ಲು. 'ಪ್ರೇಮಮ್ಮ, ನಿನ್ ಮಗ ರಾತ್ರಿಯೆಲ್ಲಾ ನಿದ್ದೆಗೆಟ್ಟು ಸ್ಟೇರಿಂಗ್ ಹಿಡ್ದನಂತಲ್ಲ, ಹೆಂಡ್ತಿನೂ ಕೊಲ್ತಿದ್ದ' ಅಂದ್ಲು. ಎಲ್ರ ಎದುರಿಗೆ! ನಾನು ಚೀಲಕ್ಕೆ ಹಿಟ್ಟು ತುಂಬಿ ಕೊಟ್ಟೆ, ಅಷ್ಟೇ. ಬೀಗಿತಿ ಅವ್ರೂರು ಸೊಕ್ಕೆಯಿಂದ ಬಂದಿದ್ಲು. 'ನಿಮ್ ಮಗ ನನ್ ಮಗಳ ಬಾಳು ಹಾಳ್ ಮಾಡ್ದ' ಅಂತ ಇಲ್ಲೇ, ನೀವ್ ಕುಂತೀರಲ್ಲ ಅಲ್ಲೇ ಕುಂತು ಅತ್ಲು. ಕುಡಿಯಾಕೆ ನೀರು ತಂದು ಕೊಟ್ಟೆ. ನಮ್ಮೆಜಮಾನ್ರಂತೂ ದೀಪ ಹಚ್ಚಾಕೆ ಹೋದೋರು ಫೋಟೋ ನೋಡ್ಕೊಂಡು ಬೈತಾರೆ... 'ಲೈಸೆನ್ಸ್ ಒಂದು ಮಾಡಿಸ್ಕೊಳ್ಳಾಕೆ ಆಗ್ಲಿಲ್ವೇನೋ ನಿಂಗೆ' ಅಂತ. ಸತ್ತ ಮಗನ್ನ ಬೈತಾರೆ ಕಣ್ರೀ! ಬೈದು ಬೈದು ಆಮೇಲೆ ಹಿತ್ತಲಿಗೆ ಹೋಗಿ ಅಳ್ತಾರೆ.

ಆವತ್ತು? ಆವತ್ತಿಂದು ಏನ್ ಹೇಳ್ಲಿ ಗುರುಬಸಣ್ಣ... ಮೇಘನ ತಂಗಿ ಚೈತ್ರಶ್ರೀದು ಸೀಮಂತ ಇತ್ತು ಸೊಕ್ಕೆಯಾಗೆ. ಅರುಣ ಚನ್ನಗಿರಿಯಾಗೆ ಮದ್ವೆ ಫೋಟೋ ತೆಗ್ದು ಬೆಳಗಾಗ ಮನೆಗೆ ಬಂದ. ಕಣ್ಣು ಕೆಂಪಗಾಗಿದ್ವು. 'ಬಸ್ಸಿಗೆ ಹೋಗ್ರೋ' ಅಂದೆ. 'ಬಳೆ, ಹೂವು, ಇಷ್ಟೊಂದು ತಿಂಡಿ ಡಬ್ಬಿ, ಬಸ್ಸಿನಾಗೆ ಹೆಂಗವ್ವಾ' ಅಂತ ನಕ್ಕ. ಮೇಘ ಹಸಿರು ಸೀರೆ ಉಟ್ಟಿದ್ಲು, ಲಕ್ಷಣವಾಗಿ ಕಾಣ್ತಿದ್ಲು. ನಾನು ಗೇಟಿನ ಹತ್ರ ಹೋಗಿ ನಿಂತೆ. ಕಾರು ಹೊರಟಿತ್ತು ನೋಡ್ರಿ, ಅಷ್ಟ್ರಾಗೆ ಕಿಟಕಿಯಿಂದ ಕೈ ಹಾಕಿ ನನ್ ಸೆರಗು ಹಿಡ್ಕೊಂಡ... ಸಣ್ಣ ಹುಡುಗನ ಹಂಗೆ! 'ಬಿಡೋ ಮಾರಾಯ, ನೀನು ಸುಮ್ನೆ ಮಲ್ಕೊ, ಜಗಳೂರು ಬಂದ್ಮೇಲೆ ಅವ್ಳು ಎಬ್ಬಿಸ್ತಾಳೆ' ಅಂದೆ. ಅದೇ ಕೊನೇ...

ಯಾಕೆ ಸುಮ್ನಾದ್ರಿ?

ಏನಂದೆ ನಾನು?

ಗುರುಬಸಣ್ಣ... ಏನಾರ ಮಾತಾಡ್ರಿ. ಹಂಗೆ ನೋಡ್ಬ್ಯಾಡ್ರಿ ನನ್ನ. ಮಲ್ಕೊ ಅಂದೆನಾ? ಅಯ್ಯೋ ಶಿವನೇ... ಮಲ್ಕೊ ಅಂದ್ಬಿಟ್ನಾ...

ಹೌದು. ಅವ್ಳೇ. ಮೇಘನೇ ಓಡಿಸ್ತಿದ್ಲು. ಇವ್ನು ಪಕ್ಕದಾಗೆ ಮಲಗಿದ್ದ. ಜಗಳೂರು ದಾಟಿದ ಮೇಲೆ ಎಮ್ಮೆ ಅಡ್ಡ ಬಂತಂತೆ, ತಪ್ಪಿಸಾಕೆ ಹೋಗಿ ಕಾರು ಪಲ್ಟಿ ಹೊಡೀತು. ಹೊಲದಾಗಿದ್ದೋರು ಓಡಿ ಬಂದು ಇಬ್ರನ್ನೂ ಎಳ್ದು ಹಾಕಿದ್ರು. ಯಾರು ಎಲ್ಲಿ ಕುಂತಿದ್ರು ಅಂತ ಆ ಗಾಬ್ರಿಯಾಗೆ ಯಾರು ನೋಡ್ತಾರೆ?

ಆಸ್ಪತ್ರೇಲಿ ಅವ್ಳಿಗೆ ಆಗಷ್ಟೇ ಎಚ್ಚರ ಆಗಿತ್ತು. ಆವತ್ತಿಂದು ಒಂದೂ ನೆನಪಿಲ್ಲ ಅವ್ಳಿಗೆ, ಇವತ್ತಿಗೂ ಇಲ್ಲ. ಸೀರೆ ಉಟ್ಕೊಂಡಿದ್ದೂ ನೆನಪಿಲ್ಲ. ಪೊಲೀಸ್ನೋರು 'ಗಾಡಿ ಯಾರಮ್ಮ ಓಡಿಸ್ತಿದ್ದೋರು' ಅಂತ ಕೇಳಿದ್ರು. ಅವ್ಳು ನನ್ ಕಡೆ ತಿರುಗಿ 'ಯಾರು ಅತ್ತೆ?' ಅಂದ್ಲು. ಅರುಣ ಹೋಗ್ಬಿಟ್ಟಾನೆ ಅಂತನೂ ಗೊತ್ತಿರ್ಲಿಲ್ಲ ಆ ಕೂಸಿಗೆ! ನಾನೇನು ಹೇಳ್ಬೇಕಿತ್ರೀ? ನೀನೇ ಕಣವ್ವ ಅಂತಾನಾ? 'ನನ್ ಮಗ' ಅಂದೆ. ಬಾಯಿಗೆ ಅದೇ ಬಂತು. ಲೈಸೆನ್ಸಿಂದು ಯಾರಿಗೆ ಗೊತ್ತಿತ್ತು ಆಗ? ಗೊತ್ತಿದ್ರೂ... ಗೊತ್ತಿದ್ರೂ ಅದೇ ಅಂತಿದ್ನೇನೋ.

ನಮ್ಮೆಜಮಾನ್ರಿಗೂ ಹೇಳಿಲ್ಲ. ಅವತ್ತು ಅವ್ರು ಗಿರಣಿಗೆ ಹೋಗಿದ್ರು, ಯಾರು ಎಲ್ಲಿ ಕುಂತ್ರು ಅಂತ ನೋಡ್ದೋಳು ನಾನೊಬ್ಳೇ. ಈಗ ನಿಮಗೆ ಗೊತ್ತಾತು.

ಸಿಟ್ಟು? ಐತೆ ಕಣ್ರೀ. ಯಾಕಿಲ್ಲ! ಒಬ್ನೇ ಮಗ ನನಗೆ. ಒಂದೊಂದ್ ದಿನ ಅವ್ಳ ತಲೆ ಬಾಚೋವಾಗ ಕೈ ಹಂಗೇ ನಿಂತ್ಬಿಡ್ತೈತೆ. ಹೇಳ್ಬಿಡ್ಲಾ, ಒಂದ್ಸಲ ಹೇಳಿ ಹಗುರಾಗ್ಲಾ ಅನ್ಸ್ತೈತೆ. ಹಂಗೆ ಅನ್ಸಿದ ದಿನಾನೇ ಅವ್ಳು ಏನಂತಾಳೆ ಗೊತ್ತಾ? 'ಅತ್ತೆ, ಊರೋರ ಮಾತಿಗೆ ಅವ್ರನ್ನ ಬೈಕೊಬ್ಯಾಡ್ರಿ. ಎಮ್ಮೆ ಬಂದ್ರೆ ಅವ್ರಾದ್ರೂ ಏನ್ ಮಾಡ್ತಾರೆ? ಅವ್ರದೇನೂ ತಪ್ಪಿಲ್ಲ' ಅಂತಾಳೆ. ಊರಿಗೆ ಊರೇ ನನ್ ಮಗನ್ನ ಬೈದ್ರೂ ಅವ್ಳೊಬ್ಳು ಬೈಯಲ್ಲ ಗುರುಬಸಣ್ಣ. ಅವ್ಳೊಬ್ಳೇ... ಅಂಥೋಳಿಗೆ ಹೆಂಗ್ರೀ ಹೇಳ್ಲಿ?

ಬ್ಯಾಡ್ರಿ, ಪೆನ್ನು ಒಳಗಿಡ್ರಿ. ನಿಮ್ ಕಾಲಿಗೆ ಬೀಳ್ತೀನಿ, ಬರ್ಕೊಬ್ಯಾಡ್ರಿ. ಆಪರೇಷನ್ನು ಹೆಂಗೋ ಮಾಡಿಸ್ತೀವಿ, ತಡ ಆಗ್ತೈತೆ ಅಷ್ಟೇ. ಕುಂಟ್ಕೊಂಡಾದ್ರೂ ಓಡಾಡ್ತಾಳೆ. ಇದು ತಿಳಿದ್ರೆ ಹಾಸಿಗೆಯಿಂದ ಏಳ್ತಾಳಾ?

ಗೇಟು ಸದ್ದಾತು... ಬಂದ್ರು. ಕಣ್ಣು ಒರೆಸ್ಕೊಳ್ರಿ, ನೀವ್ಯಾಕೆ ಅಳ್ತೀರಿ? ಕ್ಲೇಮ್ ಯಾಕಾಗ್ಲಿಲ್ಲ ಅಂತ ಅವ್ಳು ಕೇಳ್ತಾಳೆ. ಅರುಣಂದೇ ತಪ್ಪು ಅನ್ರಿ. ಗಟ್ಟಿಯಾಗಿ ಅನ್ರಿ... ನನ್ ಎದುರಿಗೇ ಅನ್ರಿ. ನಂಗೇನೂ ಆಗಲ್ಲ.