ಸುತ್ತಿಗೆಯ ಎಡಗೈ

ಸಂಜೆ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಟೈರ್ ಗೋದಾಮಿನ ಮೇಲಿನ ಬಾಕ್ಸಿಂಗ್ ಜಿಮ್ಮಿನಲ್ಲಿ, ಅಭ್ಯಾಸ ಮುಗಿಸಿದ ನಾಲ್ಕೈದು ಜನ ರಿಂಗಿಗೆ ಬೆನ್ನು ಮಾಡಿ ಕುಳಿತಿದ್ದರು. ಆಸ್ಪತ್ರೆಯ ಪಾಳಿ ಮುಗಿಸಿ ಬರುವ ನರ್ಸ್, ಕೈಗೆ ಸುತ್ತಿದ್ದ ಪಟ್ಟಿ ಬಿಚ್ಚುತ್ತಾ ಪಕ್ಕದ ಲಾರಿ ಡ್ರೈವರನ ಕಾಲೆಳೆದಳು: "ಇವತ್ತು ನೀನು ಪೂರ್ತಿ ಸುತ್ತಿಗೆ ಮಾಡಿದೆ ಬಿಡಣ್ಣ. ಎಡಗೈ ಮೊಣಕಾಲಲ್ಲಿತ್ತು."

ಎಲ್ಲರೂ ನಕ್ಕರು. ಬಲಗೈ ಬೀಸುವಾಗ ಎಡಗೈ ಗದ್ದದಿಂದ ಕೆಳಗಿಳಿದರೆ ಆ ಜಿಮ್ಮಿನಲ್ಲಿ ಅದಕ್ಕೆ 'ಸುತ್ತಿಗೆ ಮಾಡುವುದು' ಎನ್ನುತ್ತಿದ್ದರು. ಯಾಕೆ ಎಂದು ಅವಳು ಯಾವತ್ತೂ ಕೇಳಿರಲಿಲ್ಲ.

ಎದುರಿಗೆ ಹರಿದ ಗ್ಲೌಸ್ ಹೊಲಿಯುತ್ತಿದ್ದ ಮುದುಕ ಸೂಜಿ ಕೆಳಗಿಟ್ಟ. ಗ್ಲೌಸಜ್ಜ ಎಂದೇ ಅವನನ್ನು ಎಲ್ಲರೂ ಕರೆಯುವುದು. ಯಾರನ್ನು ಕಂಡರೂ ಸಿಡುಕುವ ಮನುಷ್ಯ, ಅಂದು ಮಾತ್ರ ಅವನ ದನಿ ತಣ್ಣಗಿತ್ತು.

"ನಗಿ, ನಗಿ. ಬಾಯಲ್ಲಿ ಹಲ್ಲಿರೋವರೆಗೂ ನಗಿ... ಸುತ್ತಿಗೆ ಅಂದ್ರೆ ತಪ್ಪಿನ ಹೆಸರು ಅಂದ್ಕೊಂಡಿದ್ದೀರಾ? ಮನುಷ್ಯನ ಹೆಸರು ಕಣ್ರೋ ಅದು. ಇದೇ ಹಲಗೆ ಮೇಲೆ ಬೆವರು ಸುರಿಸಿದ ಚಾಂಪಿಯನ್! ಅವನ ಬಲಗೈ ಏಟು ಬಿದ್ರೆ ಎದುರಾಳಿ ಏಳೋ ಮಾತೇ ಇಲ್ಲ, ಅದಕ್ಕೇ ಆ ಹೆಸರು. ಅವನು ಬೀದಿಗಿಳಿದ್ರೆ ಕ್ಷೌರದಂಗಡಿಯೋನು ಗಿರಾಕಿ ಗಡ್ಡ ಅರ್ಧಕ್ಕೆ ಬಿಟ್ಟು ನೋಡೋಕೆ ಓಡಿಬರೋನು. ಆಮೇಲೆ ಸೋತ. ಜನ ಪಾಪ ಅಂದ್ರು. ಮತ್ತೆ ಸೋತ, ಅದೇ ಥರ, ಎಡಗೈ ಇಳಿಸಿ, ಗದ್ದಕ್ಕೆ ತಿಂದು, ಎಲ್ಲರ ಕಣ್ಣೆದುರು ಮಕಾಡೆ ಬಿದ್ದು... ಅಷ್ಟೇ. ಮಾಡಿದ್ದೆಲ್ಲ ಮಣ್ಣುಪಾಲು.

"ಆಗ ಇಲ್ಲಿ ಕೋಚು ಯಾರು ಗೊತ್ತಾ? ಅವನ ಅಕ್ಕನ ಗಂಡ, ಸ್ವಂತ ಭಾವ! ಗೆಲ್ಲೋವಾಗ ಹೆಗಲ ಮೇಲೆ ಕೈ ಹಾಕ್ಕೊಂಡು ಫೋಟೋಗೆ ಹಲ್ಲು ಕಿರಿದೋನು. ಸೋತ ಮೇಲೆ ಹೊಸಬರಿಗೆಲ್ಲ 'ಲೋ, ಸುತ್ತಿಗೆ ಮಾಡ್ಬೇಡ' ಅಂತ ಪಾಠ ಶುರು ಹಚ್ಕೊಂಡ. ಒಂದು ದಿನ ಸುತ್ತಿಗೆನೇ ಬಾಗಿಲಲ್ಲಿ ನಿಂತು ಅದನ್ನ ಕೇಳಿಸ್ಕೊಂಡ. ಎಲ್ಲ ಬಿದ್ದು ಬಿದ್ದು ನಕ್ರು. ಅವನು ಒಬ್ಬೊಬ್ಬರ ಮುಖಾನೂ ನೋಡಿ ಹೊರಟುಹೋದ. ತಲೆಗೆ ಬಿದ್ದಿದ್ದ ಏಟು ಒಳಗೊಳಗೇ ಕೆಲಸ ಮಾಡ್ತಿತ್ತೇನೋ, ಆ ವಾರವೇ ಸತ್ತ.

"ಭಾವ ಪಾಠ ನಿಲ್ಲಿಸಿದ್ನಾ? ಎಲ್ಲಿಯ ಮಾತು! ಹುಡುಗರ ಮುಂದೆ ನಿಂತು, 'ನಮ್ಮ ಸುತ್ತಿಗೆ ಹೀಗೇ ಕೈ ಬಿಡ್ತಿದ್ದ' ಅಂತ ಬಲಗೈ ಬೀಸಿ ಎಡಗೈ ಇಳಿಸ್ದ... ಎದುರಿಗೆ ಯಾರೂ ಇಲ್ಲ. ಬರೀ ಗಾಳಿ. ಫಟ್ ಅಂತ ಸದ್ದು! ಹಾರಿ ಹೋಗಿ ಹಗ್ಗಕ್ಕೆ ಬಿದ್ದ, ಬಾಯಿ ತುಂಬ ರಕ್ತ. ಕಾಲು ಜಾರ್ತು ಅಂದ. ಕಾಲು ಜಾರಿದ್ರೆ ದವಡೆ ಯಾಕಪ್ಪಾ ಮುರಿಯುತ್ತೆ?

"ಹೆಂಡ್ತಿ ಕಾಲು ಹಿಡಿದು ಬೇಡ್ಕೊಂಡ್ಲು. 'ನನ್ನ ತಮ್ಮ ಅವನು. ಸತ್ತ ಮೇಲಾದ್ರೂ ಅವನ ಹೆಸರು ಬಿಟ್ಟುಬಿಡ್ರೀ, ನಿಮ್ಮ ಪ್ರಾಣಕ್ಕೇ ಬರುತ್ತೆ.' ಇವನಿಗೆ ಹಟ. ದವಡೆಗೆ ಕಟ್ಟಿದ್ದ ತಂತಿ ಬಿಚ್ಚಿದ್ದೇ ತಡ ಗ್ಲೌಸ್ ಹಾಕ್ಕೊಂಡು ರಿಂಗ್ ಹತ್ತಿದ. 'ಬದುಕಿದ್ದಾಗ ಹೊಡೆಸ್ಕೊಂಡೋನು ನೀನು! ಬಾರೋ, ಬಾ!' ಅಂತ ಬೇಕಂತಲೇ ಎಡಗೈ ಇಳಿಸ್ದ.

"ಏಟು ಕಾಣ್ಲಿಲ್ಲ, ಭಾವನ ಮೈ ಮೇಲೆ ಗುಂಡಿ ಬೀಳೋದು ಕಾಣ್ತಿತ್ತು... ಹೊಟ್ಟೆಗೆ, ಪಕ್ಕೆಗೆ, ಗದ್ದಕ್ಕೆ. ಇವನೂ ಕಡಿಮೆಯವನಲ್ಲ, ಸುತ್ತಿಗೆ ಗದ್ದ ಎಲ್ಲಿರುತ್ತೆ ಅಂತ ಗೊತ್ತಿದ್ದೋನು, ಅಲ್ಲಿಗೇ ಗುರಿಯಿಟ್ಟು ತಿರುಗಿಸಿ ಹೊಡೆದ. ಪ್ರತಿ ಸಲವೂ ಇವನ ಮುಷ್ಟಿ ಗಾಳೀಲೇ ಏನಕ್ಕೋ ಬಡಿದು ನಿಂತುಬಿಡ್ತಿತ್ತು. ಗ್ಲೌಸಿಗೆ ಗ್ಲೌಸ್ ಬಡಿದ ಸದ್ದು ಅದು, ನಾನು ಕಿವಿಯಾರೆ ಕೇಳಿದ್ದೀನಿ. ತಿಳೀತಾ? ಸತ್ತ ಮೇಲೆ ಅವನ ಎಡಗೈ ಇಳಿದೇ ಇಲ್ಲ!... ಭಾವ ಬಿದ್ದ. ಎತ್ತೋಕೆ ಹೋದಾಗ ಉಸಿರಿರಲಿಲ್ಲ."

ನರ್ಸ್ ತನಗೆ ತಿಳಿಯದಂತೆಯೇ ದವಡೆ ಮುಟ್ಟಿಕೊಂಡಳು. ಅವಳಿಗೆ ಹೆದರಿಕೆಯಾಗಿತ್ತು, ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಎಷ್ಟೋ ಸಲ ಆಡಿದ್ದ ಆ ಮಾತು ಈಗ ಬಾಯಲ್ಲಿ ಕಹಿಯಾಗಿ ಉಳಿದಿತ್ತು. ಡ್ರೈವರ್ ನಗಲು ನೋಡಿದ, ಆಗಲಿಲ್ಲ.

"ನಾನು ಎಷ್ಟು ಆಟ ಗೆದ್ದಿದ್ದೆ?"

ಮಾತು ಅವರ ಬೆನ್ನ ಹಿಂದಿನಿಂದ ಬಂತು. ನರ್ಸ್ ಡ್ರೈವರನ ಕಡೆ ನೋಡಿದಳು, ಅವನು ಬಾಯಿ ಬಿಟ್ಟಿರಲಿಲ್ಲ. ಜಿಮ್ಮಿನಲ್ಲಿದ್ದವರೆಲ್ಲ ಅಜ್ಜನ ಎದುರಿಗೇ ಕುಳಿತಿದ್ದರು. ರಿಂಗಿನ ಹಲಗೆ ಯಾರೋ ಭಾರ ಬಿಟ್ಟ ಹಾಗೆ ಕಿರ್ರೆಂದಿತು.

ಅಜ್ಜ ಮಾತ್ರ ಅವರ ತಲೆಗಳ ಮೇಲಿಂದ ರಿಂಗಿನ ಕಡೆಗೇ ನೋಡುತ್ತಿದ್ದ.

"ತಿರುಗಬೇಡಿ," ಎಂದ ಮೆಲ್ಲಗೆ. "ಬಂದಾಗೆಲ್ಲ ಇದೊಂದೇ ಕೇಳೋದು ಅವನು... ಗೆದ್ದ ಒಂದೇ ಒಂದು ಆಟ ಯಾರಿಗಾದ್ರೂ ಗೊತ್ತಿದ್ರೆ ಬೇಗ ಹೇಳ್ರಪ್ಪಾ. ನನಗೆ ಸೋತ ಎರಡೇ ನೆನಪಿರೋದು."